ಒಂದು ಮಹಡಿ, ಒಂಬತ್ತು ಬೀಗದ ಕೈ

ಖಾಲಿ ಬಿದ್ದ ನನ್ನ ಮಹಡಿಯನ್ನು ಒಂಬತ್ತು ಸಣ್ಣ ಕಚೇರಿ ಕೋಣೆಗಳಾಗಿ ಒಡೆದು ಬಾಡಿಗೆಗೆ ಕೊಡಲು ಹೊರಟಾಗ "ಇದೇನು ಸಾರ್, ಪಿಜಿ ಮಾಡುತ್ತಿದ್ದೀರಾ?" ಎಂದು ನಕ್ಕಿದ್ದ ಬ್ರೋಕರ್ ಕಳೆದ ತಿಂಗಳು ಅಂಥದ್ದೇ ಇನ್ನೊಂದು ಖಾಲಿ ಮಹಡಿಯ ನಕ್ಷೆ ಹಿಡಿದು ನನ್ನ ಬಳಿ ಬಂದಿದ್ದ. ಅದಕ್ಕೇ ಬರೆಯುತ್ತಿದ್ದೇನೆ.

ಹದಿನೈದು ವರ್ಷ ಬೇರೆಯವರ ಕಟ್ಟಡಗಳ ಬಾಡಿಗೆ, ಲಿಫ್ಟು, ಜನರೇಟರು ನೋಡಿಕೊಂಡವನು ನಾನು. 2018ರಲ್ಲಿ ರಾಜಾಜಿನಗರದಲ್ಲಿ ನನ್ನದೇ ಆದ ಒಂದು ಎರಡನೇ ಮಹಡಿ ಕೊಂಡೆ. ಸುಮಾರು 3,800 ಚದರಡಿ, ಎರಡೂಕಾಲು ಕೋಟಿಯ ಆಸುಪಾಸು. ಒಳಗಿದ್ದದ್ದು ಟ್ಯೂಷನ್ ಸೆಂಟರ್. ಬಾಡಿಗೆ 1.44 ಲಕ್ಷ, ಸಾಲದ ಕಂತು 1.67 ಲಕ್ಷ. 2020ರ ಲಾಕ್‌ಡೌನ್‌ನಲ್ಲಿ ಅವರು ಖಾಲಿ ಮಾಡಿದಾಗ ಹತ್ತು ತಿಂಗಳ ಅಡ್ವಾನ್ಸ್ ವಾಪಸ್ ಕೊಡಬೇಕಾಯಿತು. ಹಳೇ ಮಾಲೀಕರ ಬಳಿಯಿದ್ದ ಆ ಹಣವನ್ನು ಕೊಳ್ಳುವಾಗ ಬೆಲೆಯಲ್ಲೇ ಮುರಿದುಕೊಂಡು ಮರೆತೇಬಿಟ್ಟಿದ್ದೆ. ಮಾಗಡಿ ಕಡೆಯ ಸೈಟು ಹೋಯಿತು. ಆಮೇಲೆ ಹದಿನಾಲ್ಕು ತಿಂಗಳು ಖಾಲಿ. ಕಂತಿಗೇ ಇಪ್ಪತ್ಮೂರು ಲಕ್ಷ.

ದೊಡ್ಡ ಬಾಡಿಗೆದಾರನಿಗಾಗಿ ಕಾಯುವುದನ್ನು ಬಿಟ್ಟು, ಮಹಡಿಯನ್ನು ಒಂಬತ್ತು ಕೋಣೆ ಮಾಡಿದೆ. ಓಡಾಟದ ಜಾಗ, ಶೌಚಾಲಯ ಕಳೆದು ಬಾಡಿಗೆಗೆ ಉಳಿದದ್ದು 2,900 ಚದರಡಿ. "ಕಾಲು ಭಾಗ ಜಾಗ ಹಾಳು" ಎಂದು ಭಾವನೇ ಬೈದರು. ಆದರೆ ಚದರಡಿಗೆ 38 ಸಿಗುತ್ತಿದ್ದ ಕಡೆ 65 ಕೇಳಿದೆ, ಸಿಕ್ಕಿತು.

ಹತ್ತೊಂಬತ್ತು ಲಕ್ಷ ಅಂದುಕೊಂಡ ಕೆಲಸ ಇಪ್ಪತ್ತಾರು ನುಂಗಿತು. ಮೊದಲ ತಪ್ಪು ಗೋಡೆಯದು. ಟೊಳ್ಳು ಜಿಪ್ಸಮ್ ಬೋರ್ಡ್ ಹಾಕಿಸಿದ್ದೆ. ಮೂರನೇ ಕೋಣೆಗೆ ದಂತವೈದ್ಯೆ, ನಾಲ್ಕನೆಯದಕ್ಕೆ ಆಡಿಟರ್. ಜುಲೈ ಕೊನೆಯ ವಾರ, ರಿಟರ್ನ್ ಸಲ್ಲಿಸುವ ಗಡಿಬಿಡಿ. ಆಡಿಟರ್ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಗೋಡೆಗೆ ಕಿವಿಗೊಡಲು ಹೇಳಿದರು. ಕಿವಿಗೊಡುವ ಅಗತ್ಯವೇ ಇರಲಿಲ್ಲ, ಡ್ರಿಲ್ಲಿನ ಕಿರ್ ನನ್ನ ದವಡೆಗೇ ಬಂತು. ಬೋರ್ಡ್ ಬಿಚ್ಚಿಸಿ ಒಳಗೆ ಶಬ್ದ ತಡೆಯುವ ರಾಕ್‌ವುಲ್ ತುಂಬಿಸಿದೆ. ಎರಡನೆಯದು ವಿದ್ಯುತ್ತು: ಮಂಜೂರಾದ ಲೋಡ್, ಅಂದರೆ ಒಟ್ಟಿಗೆ ಎಳೆಯಬಹುದಾದ ವಿದ್ಯುತ್ತಿನ ಮಿತಿ, 15 ಕಿಲೋವಾಟ್. ಏಪ್ರಿಲ್‌ನಲ್ಲಿ ಒಂಬತ್ತು ಎಸಿಗಳೂ ಓಡಿದ ದಿನವೇ ಮೇನ್ ಟ್ರಿಪ್. ಹೆಚ್ಚುವರಿ ಲೋಡ್ ಮೊದಲೇ ಕೇಳಿಕೊಳ್ಳಿ, ಕೋಣೆಗೊಂದರಂತೆ ಸಬ್‌ಮೀಟರ್ ಆಮೇಲೆ.

ಯಾರೂ ಎಚ್ಚರಿಸದ ಹೊಡೆತ ಜಿಎಸ್‌ಟಿ. ಇಡೀ ಮಹಡಿಯ ಬಾಡಿಗೆ ವರ್ಷಕ್ಕೆ ಜಿಎಸ್‌ಟಿ ಮಿತಿಯಾದ 20 ಲಕ್ಷದೊಳಗಿತ್ತು. ಕೋಣೆ ಮಾಡಿದ ಮೇಲೆ ದಾಟಿತು, ಬಾಡಿಗೆಯ ಮೇಲೆ ಶೇಕಡಾ 18 ತೆರಿಗೆ ಬಿತ್ತು. ದೊಡ್ಡ ಕಂಪನಿಯಾದರೆ ಕ್ರೆಡಿಟ್ ತೆಗೆದುಕೊಳ್ಳುತ್ತದೆ, ಅಂದರೆ ಕೊಟ್ಟ ತೆರಿಗೆಯನ್ನು ತಾನು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಮುರಿದುಕೊಳ್ಳುತ್ತದೆ, ನೋಂದಣಿಯೇ ಇಲ್ಲದ ವಿಮಾ ಏಜೆಂಟ್ ಎಲ್ಲಿಗೆ ಹೋಗಬೇಕು? ಮೂಲ ಬಾಡಿಗೆಯನ್ನು 60ಕ್ಕೆ ಇಳಿಸಿ ಹೊರೆ ಹಂಚಿಕೊಂಡೆ. ಈಗ ತಿಂಗಳಿಗೆ 1.74 ಲಕ್ಷ. ಎರಡಕ್ಕಿಂತ ಹೆಚ್ಚು ಕೋಣೆ ಒಟ್ಟಿಗೆ ಖಾಲಿ ಬಿದ್ದದ್ದಿಲ್ಲ.

ಬಾಡಿಗೆ ಐದನೇ ತಾರೀಖು ದಾಟದಂತೆ ಕರಾರಿನಲ್ಲಿ ಒಂದು ಸಾಲು ಸೇರಿಸಿದ್ದೇನೆ. ಅದನ್ನು ಬ್ರೋಕರ್‌ಗೂ ಹೇಳಿಲ್ಲ, ಇಲ್ಲಿಯೂ ಬರೆಯುವುದಿಲ್ಲ.

ಓಡಾಟದ ಜಾಗದ ಮೂಲೆಯಲ್ಲಿ ಗಂಟೆಗೆ 200 ರೂಪಾಯಿಯಂತೆ ಒಂದು ಮೀಟಿಂಗ್ ರೂಮ್ ಕೂಡ ಇಟ್ಟು ನೋಡಿದೆ. ಮೊದಲ ತಿಂಗಳು 1,400 ಬಂತು, ಮೂರನೇ ತಿಂಗಳು ಸೊನ್ನೆ. ಹತ್ತನೇ ಕೋಣೆ ಮಾಡೋಣವೆಂದು ಅಳತೆ ಟೇಪು ಹಿಡಿದು ಹೋದರೆ, ಒಂಬತ್ತು ಕೋಣೆಯವರೂ ಅಲ್ಲಿ ಡಬ್ಬಿ ಬಿಚ್ಚಿ ಊಟಕ್ಕೆ ಕೂತಿದ್ದರು. ಆಡಿಟರ್ ಚಿತ್ರಾನ್ನ ಕೊಟ್ಟರು, ಟೇಪು ಜೇಬಿಗೆ ಸೇರಿತು.