ಪದೇ ಪದೇ ನಿಲ್ಲುತ್ತಿದ್ದ ಕೋಸ್ಟರ್: ಪಿಎಲ್‌ಸಿ ಬದಲಿಸದೆ ಸರಿಮಾಡಿದ್ದು

ನಮ್ಮ ಪಾರ್ಕಿನದು ಎರಡು ಗಾಡಿ, ಗಾಡಿಯನ್ನು ಮೇಲಕ್ಕೆಳೆಯುವ ಚೈನ್ ಲಿಫ್ಟ್, ಏರ್ ಬ್ರೇಕ್ ಇರುವ ಸೆಕೆಂಡ್ ಹ್ಯಾಂಡ್ ಸ್ಟೀಲ್ ರೋಲರ್ ಕೋಸ್ಟರ್. ಏಪ್ರಿಲ್-ಮೇ ರಜೆಯಲ್ಲಿ ದಿನಕ್ಕೆ ನಾಲ್ಕೈದು ಸಲ ‘ತಾತ್ಕಾಲಿಕವಾಗಿ ಮುಚ್ಚಲಾಗಿದೆ’ ಬೋರ್ಡು ಹೊರಗೆ ಬರುತ್ತಿತ್ತು. ಈಗ ಹತ್ತು ಹದಿನೈದು ದಿನಕ್ಕೊಮ್ಮೆ ಬಂದರೆ ಹೆಚ್ಚು. ಪಿಎಲ್‌ಸಿ (ರೈಡನ್ನು ನಡೆಸುವ ಕಂಟ್ರೋಲ್ ಕಂಪ್ಯೂಟರ್) ಹಳೆಯದಾಯಿತು, ಪ್ಯಾನೆಲ್ ಪೂರ್ತಿ ಬದಲಿಸಿ ಎಂದು ಬಂದವರೆಲ್ಲ ಹೇಳಿ ಹೋಗಿದ್ದರು. ಕೊಟೇಶನ್ ಹೆಚ್ಚುಕಡಿಮೆ 40 ಲಕ್ಷ. ಹೊರದೇಶದ ಇಂಜಿನಿಯರಿನ ದಿನಗೂಲಿ, ವಿಮಾನ, ಹೋಟೆಲು ಬೇರೆ. ನಮಗೆ ಆದ ಖರ್ಚು ಮೂರು ಲಕ್ಷದ ಆಸುಪಾಸು. ಪಿಎಲ್‌ಸಿ ಇವತ್ತಿಗೂ ಅದೇ ಹಳೆಯದು.

ಹಣದ ಲೆಕ್ಕ ಮೊದಲು. ಟ್ರಿಪ್ ಆಗಲು, ಅಂದರೆ ರೈಡ್ ತಾನಾಗಿ ನಿಂತುಬಿಡಲು, ಹತ್ತು ಮಿಲಿಸೆಕೆಂಡು ಸಾಕು, ಮತ್ತೆ ತೆರೆಯಲು ನಲವತ್ತು ನಿಮಿಷ. ಒಂದು ಗಾಡಿ ಲಿಫ್ಟಿನ ಮೇಲೋ ನಡುವಿನ ಬ್ರೇಕಿನ ಮೇಲೋ ನಿಂತಿರುತ್ತದೆ. ಜನರನ್ನು ಒಬ್ಬೊಬ್ಬರಾಗಿ ಮೆಟ್ಟಿಲಿನಿಂದ ಇಳಿಸಬೇಕು, ಗಾಡಿಗಳು ಎಲ್ಲಿವೆ ಎಂದು ಕಣ್ಣಾರೆ ನೋಡಬೇಕು, ಆಮೇಲೆ ರೀಸೆಟ್, ಎರಡು ಖಾಲಿ ಸುತ್ತು, ಸಹಿ. ಗಂಟೆಗೆ 350 ಜನ ಹತ್ತುವ ರೈಡಿನಲ್ಲಿ ನಲವತ್ತು ನಿಮಿಷ ಎಂದರೆ 230 ಜನ ಬಿಸಿಲಿನಲ್ಲಿ ನಿಂತು ಶಪಿಸುವವರು. ಟಿಕೆಟ್ ಇಡೀ ಪಾರ್ಕಿಗೆ ಒಂದೇ ಆದ್ದರಿಂದ ನೇರ ನಷ್ಟ ಕಾಣುವುದಿಲ್ಲ. ಅದಕ್ಕೇ ಮ್ಯಾನೇಜ್‌ಮೆಂಟು ದುಡ್ಡು ಬಿಚ್ಚಲು ಹಿಂದೆಮುಂದೆ ನೋಡುತ್ತದೆ.

ಒಳ್ಳೆಯ ಕೋಸ್ಟರ್ ಮುರಿದು ನಿಲ್ಲುವುದು ಅಪರೂಪ. ಅನುಮಾನ ಬಂದು ನಿಲ್ಲುವುದೇ ಹೆಚ್ಚು. ಟ್ರ್ಯಾಕನ್ನು ಬ್ಲಾಕುಗಳೆಂಬ ಭಾಗಗಳಾಗಿ ಹಂಚಿರುತ್ತದೆ, ಒಂದು ಬ್ಲಾಕಿನಲ್ಲಿ ಒಂದೇ ಗಾಡಿ ಇರಬೇಕು. ಗಾಡಿ ದಾಟಿತೆಂದು ಹೇಳಲು ಪ್ರತಿ ಜಾಗದಲ್ಲೂ ಎರಡು ಪ್ರಾಕ್ಸಿಮಿಟಿ ಸೆನ್ಸರ್, ಮುಟ್ಟದೆಯೇ ಹತ್ತಿರದ ಲೋಹವನ್ನು ಗುರುತಿಸುವಂಥವು. ಇಬ್ಬರು ಸಾಕ್ಷಿಗಳಲ್ಲಿ ಒಬ್ಬ ಕಂಡೆ, ಇನ್ನೊಬ್ಬ ಕಾಣೆ ಎಂದರೆ ಪಿಎಲ್‌ಸಿ ಎಲ್ಲವನ್ನೂ ನಿಲ್ಲಿಸುತ್ತದೆ. ಅದು ಅದರ ಕೆಲಸ, ಸರಿಯಾಗಿಯೇ ಮಾಡುತ್ತಿತ್ತು. ಕಣ್ಣು ಮಂಜಾಗಿದ್ದಕ್ಕೆ ಮಿದುಳು ಬದಲಿಸಿ ಎನ್ನುತ್ತಿದ್ದರು, ಅಷ್ಟೇ.

ಮಾಡಿದ ಮೊದಲ ಕೆಲಸಕ್ಕೆ ಖರ್ಚಾಗಿದ್ದು ಒಂದು ನೋಟ್‌ಬುಕ್ಕಿನ ಬೆಲೆ. ರೀಸೆಟ್ ಕೀಲಿಯನ್ನು ರಿಜಿಸ್ಟರಿನ ಜೊತೆ ಒಂದೇ ಕೊಂಡಿಗೆ ನೇತುಹಾಕಿ, ಸಾಲು ತುಂಬದೆ ಕೀಲಿ ಮುಟ್ಟುವಂತಿಲ್ಲ ಎಂದು ನಿಯಮ ಮಾಡಿದೆ. ಬರೆಯಬೇಕಾದದ್ದು: ಗಂಟೆ, ಯಾವ ಗಾಡಿ, ಎಷ್ಟು ತುಂಬಿತ್ತು, ಯಾವ ಸೆನ್ಸರಿನ ಇನ್‌ಪುಟ್ ದೀಪ ಹತ್ತಿದೆ ಯಾವುದು ಆರಿದೆ, ಏರ್ ಒತ್ತಡ, ಬಿಸಿಲೋ ಮಳೆಯೋ, ಪ್ಯಾನೆಲ್ ಒಳಗಿನ ತಾಪ. ರೀಸೆಟ್‌ಗೆ ಮುಂಚೆಯೇ ಬರೆಯಬೇಕು, ಯಾಕೆಂದರೆ ಕೀಲಿ ತಿರುಗಿಸಿದ ಕೂಡಲೇ ಅರ್ಧ ಸಾಕ್ಷ್ಯ ಅಳಿಸಿಹೋಗುತ್ತದೆ. ಆಪರೇಟರುಗಳು ಗೊಣಗಿದರು. ಹಿರಿಯ ಫಿಟ್ಟರುಗಳು ನಕ್ಕರು. ಎರಡು ತಿಂಗಳಾದ ಮೇಲೆ ಪುಟಗಳನ್ನು ಸೆನ್ಸರ್ ನಂಬರಿನ ಪ್ರಕಾರ ಜೋಡಿಸಿದಾಗ ಅರ್ಧಕ್ಕಿಂತ ಹೆಚ್ಚು ಟ್ರಿಪ್ ಒಂದೇ ಜಾಗದಲ್ಲಿ, ಮೊದಲ ಇಳಿಜಾರಿನ ಬುಡದ ಜೋಡಿಯಲ್ಲಿ. ಅದೂ ಎರಡನೇ ಗಾಡಿಗೆ ಮಾತ್ರ. ಅದೂ ಮಧ್ಯಾಹ್ನ ಎರಡರಿಂದ ಐದರೊಳಗೆ.

ಅಲ್ಲಿ ಮೊದಲು ಸೆನ್ಸರ್ ಬದಲಿಸಿ ನೋಡಿದ್ದು ದಂಡವಾಯಿತು. 450 ರೂಪಾಯಿಯ ಲೋಕಲ್ ಸೆನ್ಸರುಗಳು ಏಪ್ರಿಲ್ ಬಿಸಿಲಿಗೆ ಕಾದ ಕಪ್ಪು ತಗಡಿನ ಕವರಿನೊಳಗೆ ತಮ್ಮಷ್ಟಕ್ಕೇ ಹತ್ತಿಕೊಂಡು, ಆರಲೇ ಇಲ್ಲ. ಸಾಮಾನ್ಯ ಸೆನ್ಸರಿನ ಮಿತಿ 70 ಡಿಗ್ರಿ. ಕವರಿನೊಳಗೆ ಐಆರ್ ಥರ್ಮಾಮೀಟರ್ (ಮುಟ್ಟದೆ ತಾಪ ಅಳೆಯುವುದು) ಹಿಡಿದರೆ 65 ದಾಟಿತ್ತು. 2,400ರ ಒಳ್ಳೆಯ ಎಂ30 (30 ಮಿ.ಮೀ. ದಪ್ಪದ) ಸೆನ್ಸರ್ ಹಾಕಿ, ಕವರಿಗೆ ಬಿಳಿ ಬಣ್ಣ ಬಳಿದೆವು. ಸುಳ್ಳು ಹತ್ತುವುದು ನಿಂತಿತು, ಟ್ರಿಪ್ ನಿಲ್ಲಲಿಲ್ಲ.

ಅಸಲು ಕಾರಣ ಗಾಡಿಯ ಅಡಿಯ ಪಟ್ಟಿಯಲ್ಲಿತ್ತು. ಸೆನ್ಸರ್ ನೋಡುವುದು ಆ ಪಟ್ಟಿಯನ್ನು. ಎಂ30, ನಾನ್-ಫ್ಲಶ್ (ತುದಿ ಬ್ರ್ಯಾಕೆಟ್ಟಿನಿಂದ ಹೊರಚಾಚಿರುವ ಬಗೆ), ಎಷ್ಟು ದೂರದಿಂದ ಲೋಹ ಕಾಣುತ್ತದೆ ಎಂಬುದಕ್ಕೆ ಲೇಬಲ್ ಮೇಲೆ 15 ಮಿ.ಮೀ. ಎಂದಿರುತ್ತದೆ. ನಂಬಬಹುದಾದದ್ದು 12. ಆ 12 ಕೂಡ ಮೈಲ್ಡ್ ಸ್ಟೀಲಿಗೆ ಮಾತ್ರ. ಹಿಂದೆ ಯಾರೋ ತುಕ್ಕು ಹಿಡಿಯದಿರಲಿ ಎಂದು ಎರಡನೇ ಗಾಡಿಗೆ ಸ್ಟೇನ್‌ಲೆಸ್ ಪಟ್ಟಿ ಹಾಕಿದ್ದರು. ಸ್ಟೇನ್‌ಲೆಸ್‌ಗೆ 0.7ರಿಂದ ಗುಣಿಸಿ: ಎಂಟೂವರೆ ಮಿ.ಮೀ. ಉಳಿಯಿತು. ನಮ್ಮಲ್ಲಿ ಇಟ್ಟಿದ್ದ ಅಂತರ 10. ಅಲ್ಯೂಮಿನಿಯಂ ಹಾಕಿದ್ದರೆ ಗುಣಕ 0.4ರ ಹತ್ತಿರ, ಮೊದಲ ದಿನವೇ ಸಿಕ್ಕಿಬೀಳುತ್ತಿತ್ತು. ಸ್ಟೇನ್‌ಲೆಸ್ ಹಾಗಲ್ಲ, ನಡೆದಷ್ಟು ದಿನ ನಡೆದು ಅಂಚಿನಲ್ಲಿ ಕೈಕೊಡುತ್ತದೆ.

ಅದರ ಮೇಲೆ ಇನ್ನೆರಡು ಸೇರಿದ್ದವು. ಸೈಡ್ ವೀಲು ಸವೆದು ಗಾಡಿ ಒಂದು ಬದಿಗೆ ಎರಡು ಮೂರು ಮಿ.ಮೀ. ವಾಲುತ್ತಿತ್ತು, ತುಂಬಿದ ಗಾಡಿ ತಿರುವಿನಲ್ಲಿ ಇನ್ನಷ್ಟು. ಇನ್ನೊಂದು, ಹೊಸ ಪಟ್ಟಿ 200 ಮಿ.ಮೀ. ಉದ್ದ, ಡ್ರಾಯಿಂಗಿನಲ್ಲಿದ್ದದ್ದು 300. ಆ ಜಾಗದಲ್ಲಿ ವೇಗ ಸೆಕೆಂಡಿಗೆ 18 ಮೀಟರ್. 200 ಮಿ.ಮೀ. ಪಟ್ಟಿ ಸೆನ್ಸರ್ ಮುಂದೆ ಇರುವುದು 11 ಮಿಲಿಸೆಕೆಂಡು. ಇನ್‌ಪುಟ್ ಫಿಲ್ಟರ್ 10, ಅಂದರೆ ಅದಕ್ಕಿಂತ ಚಿಕ್ಕ ಸಿಗ್ನಲನ್ನು ಪಿಎಲ್‌ಸಿ ಲೆಕ್ಕಕ್ಕೇ ತೆಗೆದುಕೊಳ್ಳದು. ಬೆಳಿಗ್ಗೆ ತಣ್ಣಗಿನ ಪಾಲಿಯುರೆಥೇನ್ ಚಕ್ರದಲ್ಲಿ ಗಾಡಿ ನಿಧಾನ, ಪಾಸಾಗುತ್ತಿತ್ತು. ಮಧ್ಯಾಹ್ನ ಚಕ್ರ ಕಾದು ಓಟ ಜೋರಾದಾಗ, ವಾಲಿದ ಗಾಡಿಯ ದೂರದ ಸೆನ್ಸರ್ ಪಟ್ಟಿಯ ಎರಡು ತುದಿಗಳನ್ನೂ ಕಾಣದೆ ಹೋದಾಗ, ಸಿಗ್ನಲ್ ಫಿಲ್ಟರಿನೊಳಗೇ ಸಾಯುತ್ತಿತ್ತು. ಬೆಳಿಗ್ಗೆ ಬಂದು ಪರೀಕ್ಷಿಸಿದ ಪರಿಣತರಿಗೆಲ್ಲ ಎಲ್ಲವೂ ಸರಿಯಾಗಿ ಕಂಡಿದ್ದು ಇದರಿಂದಲೇ.

ಸತು ಲೇಪಿಸಿದ ಮೈಲ್ಡ್ ಸ್ಟೀಲ್ ಪಟ್ಟಿ, 300 ಮಿ.ಮೀ., ಹಳೆಯ ಡ್ರಾಯಿಂಗ್ ಪ್ರಕಾರವೇ. ಎರಡೂ ಗಾಡಿಗೆ ಸೇರಿ 12 ಸಾವಿರದೊಳಗೆ. ಅಂತರ 7 ಮಿ.ಮೀ., ಆದರೆ ಗಾಡಿಯನ್ನು ಜ್ಯಾಕಿನಿಂದ ಎರಡೂ ಬದಿಗೆ ತಳ್ಳಿ ಅಳೆದು: ಹತ್ತಿರಕ್ಕೆ ವಾಲಿದಾಗ 4ಕ್ಕಿಂತ ಕಡಿಮೆಯಾಗಬಾರದು, ದೂರಕ್ಕೆ ವಾಲಿದಾಗ 10 ದಾಟಬಾರದು. ಸ್ಕೇಲ್ ಹಿಡಿದರೆ ಒಬ್ಬೊಬ್ಬರು ಒಂದೊಂದು ಓದುತ್ತಾರೆ, ಅದಕ್ಕೆ 4 ಮತ್ತು 10 ಮಿ.ಮೀ. ಅಕ್ರಿಲಿಕ್ ತುಂಡುಗಳನ್ನೇ ಗೇಜ್ ಮಾಡಿಕೊಂಡೆವು. ಸೆನ್ಸರ್ ಬ್ರ್ಯಾಕೆಟ್ಟಿಗೆ ನೈಲಾಕ್ (ಸಡಿಲವಾಗದಂತೆ ನೈಲಾನ್ ಉಂಗುರವಿರುವ) ನಟ್ಟು, ಮೇಲೆ ಕೆಂಪು ನೈಲ್‌ಪಾಲಿಶ್ ಗೆರೆ; ಗೆರೆ ಮುರಿದಿದ್ದರೆ ನಟ್ಟು ತಿರುಗಿದೆ. ಬ್ರ್ಯಾಕೆಟ್ ನಡುಗದಂತೆ ಅದರ ಆಕಾರದಲ್ಲಿ ಒಂದು ಬದಲಾವಣೆ ಮಾಡಿದ್ದೇನೆ, ತಯಾರಕರ ಒಪ್ಪಿಗೆ ಪತ್ರವೂ ಬಂತು. ಅದರ ಅಳತೆ ಇಲ್ಲಿ ಬಿಚ್ಚಿಡುವುದಿಲ್ಲ, ಬೇಕಾದವರು ಸ್ವಲ್ಪ ಒದ್ದಾಡಲಿ.

ಫಿಲ್ಟರ್ ಇಳಿಸಿ, ಎರಡು ಸೆನ್ಸರುಗಳ ನಡುವಿನ ಸಮಯದ ಮಿತಿ ಸಡಿಲಿಸಿ, ಐದು ನಿಮಿಷದ ಕೆಲಸ ಎಂದು ಸಲಹೆ ಕೊಟ್ಟವರಿದ್ದರು. ಸೇಫ್ಟಿ ಪ್ರೋಗ್ರಾಮಿನ ಒಂದು ಅಂಕಿಯನ್ನೂ ಮುಟ್ಟಲಿಲ್ಲ. 2015ರ ಜೂನ್ 2ರಂದು ಇಂಗ್ಲೆಂಡಿನ ಮನರಂಜನಾ ಪಾರ್ಕ್ ಆಲ್ಟನ್ ಟವರ್ಸ್‌ನಲ್ಲಿ ಸ್ಮೈಲರ್ ಕೋಸ್ಟರ್, ಮುಂದಿನ ಬ್ಲಾಕಿನಲ್ಲಿ ಗಾಡಿಯಿದೆ ಎಂದು, ಬ್ಲಾಕ್ ಸ್ಟಾಪ್ ಕೊಟ್ಟಿತ್ತು. ಅದು ನಿಜವಾದ ಸ್ಟಾಪ್. ಖಾಲಿ ಗಾಡಿಯೊಂದು ಟ್ರ್ಯಾಕಿನ ತಗ್ಗಿನಲ್ಲಿ ಸಿಕ್ಕಿಕೊಂಡಿತ್ತು. ಸುಳ್ಳು ಟ್ರಿಪ್ ಎಂದುಕೊಂಡು ಸ್ಟಾಪನ್ನು ಕಡೆಗಣಿಸಿ ಓವರ್‌ರೈಡ್ ಮಾಡಿದರು, ತುಂಬಿದ ಗಾಡಿ ಹೋಗಿ ಗುದ್ದಿತು. 16 ಜನರಿಗೆ ಗಾಯ, ಇಬ್ಬರು ಯುವತಿಯರು ಕಾಲು ಕಳೆದುಕೊಂಡರು. ಮರುವರ್ಷ ಕಂಪನಿಗೆ 50 ಲಕ್ಷ ಪೌಂಡ್ ದಂಡ. ದಿನಕ್ಕೆ ಐದು ಸುಳ್ಳು ಟ್ರಿಪ್ ನೋಡಿದ ಆಪರೇಟರ್ ಆರನೆಯದನ್ನೂ ಸುಳ್ಳೆಂದೇ ಓದುತ್ತಾನೆ. ರೀಸೆಟ್‌ಗೆ ಇಬ್ಬರ ಸಹಿ, ಟ್ರ್ಯಾಕ್ ಮೇಲಿನ ಗಾಡಿಗಳನ್ನು ಬೆರಳಿಟ್ಟು ಎಣಿಸುವುದು, ಕ್ಯಾಮೆರಾ ನೋಡಿ ಸಾಕೆನ್ನದಿರುವುದು, ಇವನ್ನು ಟ್ರಿಪ್ ಕಡಿಮೆಯಾದ ಮೇಲೂ ಬಿಟ್ಟಿಲ್ಲ.

ಎರಡನೇ ಗುಂಪಿನ ಟ್ರಿಪ್‌ಗಳು ಮಳೆಗಾಲದ ಬೆಳಗಿನವು, ಏರ್ ಲೈನಿನವು. ಸ್ಪ್ರಿಂಗ್ ಬ್ರೇಕನ್ನು ಹಿಡಿಯುತ್ತದೆ, ಗಾಳಿ ಬಿಡಿಸುತ್ತದೆ. ಗಾಳಿ ಹೋದರೆ ಬ್ರೇಕ್ ಹಿಡಿದುಕೊಳ್ಳುತ್ತದೆ. ‘ಬ್ರೇಕ್ ಸಮಯಕ್ಕೆ ಮುಚ್ಚಲಿಲ್ಲ’ ಎಂಬ ಫಾಲ್ಟ್ ಬರುತ್ತಿತ್ತು. ದೊಡ್ಡ ಕಂಪ್ರೆಸರ್ ಹಾಕಿ ಎಂದರು, ನಾಲ್ಕೈದು ಲಕ್ಷ. ಆದರೆ ರಿಜಿಸ್ಟರಿನಲ್ಲಿ ಒತ್ತಡ ಪ್ರತಿ ಸಲವೂ 6 ಬಾರ್ ಮೇಲೇ ಇತ್ತು. ವಾಲ್ವ್ ಬಿಚ್ಚಿದರೆ ಎಕ್ಸಾಸ್ಟ್ ಸೈಲೆನ್ಸರ್, ನೂರಿನ್ನೂರು ರೂಪಾಯಿಯ ಹಿತ್ತಾಳೆ ಬಣ್ಣದ ಗುಂಡಿ, ತುಕ್ಕಿನ ಕೆಸರಿನಿಂದ ಕಟ್ಟಿಹೋಗಿತ್ತು. ಗಾಳಿ ಹೊರಹೋಗಲು ದಾರಿಯಿಲ್ಲದೆ ಬ್ರೇಕ್ ನಿಧಾನವಾಗಿ ಮುಚ್ಚುತ್ತಿತ್ತು. ಇದು ಸುಳ್ಳು ಟ್ರಿಪ್ ಅಲ್ಲ, ನಿಲ್ಲಲೇಬೇಕಾದ ಟ್ರಿಪ್. ಹಳೆಯ ಜಿಐ ಪೈಪಿನೊಳಗೆ ನೀರು, ನೀರಿನಿಂದ ತುಕ್ಕು. ಸೈಲೆನ್ಸರ್ ಮಾತ್ರ ಬದಲಿಸಿದರೆ ಮೂರು ವಾರದಲ್ಲಿ ಮತ್ತೆ ಕಟ್ಟಿತು. ಗಾಳಿಯ ತೇವ ತೆಗೆಯುವ ರೆಫ್ರಿಜರೇಟೆಡ್ ಡ್ರೈಯರ್ 85 ಸಾವಿರಕ್ಕೆ ಬಂತು, ಪೈಪ್ ಇಳಿಜಾರಿಗಿಟ್ಟು ಕೊನೆಯಲ್ಲಿ ಡ್ರೈನ್ ಕೊಟ್ಟೆವು, ವಾಲ್ವಿಗೆ ಹೋಗುವ ಕವಲನ್ನು ಪೈಪಿನ ತಲೆಯಿಂದ ತೆಗೆದೆವು. ಅಡಿಯಿಂದ ಕವಲು ತೆಗೆದವರು ನೀರನ್ನು ನೇರ ಬ್ರೇಕಿಗೇ ಕುಡಿಸುತ್ತಾರೆ. ಸೋಪು ನೀರು ಹಾಕಿ ಸೋರಿಕೆ ಹುಡುಕಿದ ಮೇಲೆ ಹಳೆಯ ಕಂಪ್ರೆಸರಿಗೇ ಬಿಡುವು ಸಿಗತೊಡಗಿತು.

ಕೇಬಲ್ ವಿಷಯ ಬೇಗ ಮುಗಿಸುತ್ತೇನೆ. ಪಿವಿಸಿ ಕೇಬಲ್ ಬಿಸಿಲಿಗೆ ಸೀಳುತ್ತದೆ, ಪಿಯುಆರ್ (ಪಾಲಿಯುರೆಥೇನ್ ಹೊದಿಕೆಯದು) ಹಾಕಿ. ಸೆನ್ಸರ್ ಕೇಬಲನ್ನು ಲಿಫ್ಟ್ ಡ್ರೈವಿನ ಪವರ್ ಕೇಬಲಿನ ಜೊತೆ ಒಂದೇ ಟ್ರೇಯಲ್ಲಿ ಎಳೆಯಬೇಡಿ, ಒಂದಡಿ ದೂರವಿರಲಿ. ಇದಕ್ಕೆ 70 ಸಾವಿರ ಹೋಯಿತು.

ಪ್ಯಾನೆಲ್ಲಿನ ಹಲ್ಲಿಗಳದ್ದು ಬೇರೆಯೇ ಅಧ್ಯಾಯ. ಕಾಂಟ್ಯಾಕ್ಟರ್ (ದೊಡ್ಡ ವಿದ್ಯುತ್ ಸ್ವಿಚ್) ನಡುವೆ ಸುಟ್ಟ ಹಲ್ಲಿ ಸಿಗದ ಪಾರ್ಕ್ ಈ ಕಡೆ ಇದ್ದರೆ ತೋರಿಸಿ. ಮೊಟ್ಟೆ ಚಿಪ್ಪು ಕಟ್ಟಿ ನೋಡಿದೆವು. ಹಲ್ಲಿ ಅದರ ಪಕ್ಕದಲ್ಲೇ ಕೂತಿತ್ತು. ನುಸಿಗುಳಿಗೆಯಿಂದ ಆಪರೇಟರಿಗೆ ತಲೆನೋವು ಬಂದಿದ್ದು ಬಿಟ್ಟರೆ ಫಲವಿಲ್ಲ. ಕೆಲಸ ಮಾಡಿದ್ದು ಬಳಸದ ಗ್ಲ್ಯಾಂಡ್ (ಕೇಬಲ್ ಒಳಬರುವ) ತೂತಿಗೆ ಬಿರಡೆ, ಬಾಗಿಲಿಗೆ ಹೊಸ ಗ್ಯಾಸ್ಕೆಟ್, ಫ್ಯಾನಿನ ಮುಂದೆ ಸಣ್ಣ ಜಾಲರಿ, ರಾತ್ರಿ ಪ್ಯಾನೆಲ್ ಮುಂದಿನ ಲೈಟ್ ಆರಿಸುವುದು. ಬೆಳಕಿಗೆ ಹುಳ, ಹುಳಕ್ಕೆ ಹಲ್ಲಿ. ಸ್ಟೇಷನ್ ಗೇಟಿನ ಫೋಟೋ ಸೆನ್ಸರಿಗೆ ಜೇಡರಬಲೆ ಕಟ್ಟಿ ನಿಲ್ಲುವುದೂ ಇತ್ತು. ಬೆಳಿಗ್ಗೆ ಒಂದು ಬ್ರಷ್ ಸಾಕು.

ಲ್ಯಾಪ್‌ಬಾರಿನ (ತೊಡೆಯ ಮೇಲೆ ಇಳಿಯುವ ಸರಳು) ಹಸಿರು ದೀಪ ಬಾರದೆ ನಿಲ್ಲುವ ಟ್ರಿಪ್‌ಗೆ ಎಲ್ಲರೂ ಸ್ವಿಚ್ಚನ್ನು ಬೈಯುತ್ತಾರೆ. ರ‍್ಯಾಚೆಟ್ (ಬಾರನ್ನು ಹಲ್ಲು ಹಲ್ಲಾಗಿ ಹಿಡಿದಿಡುವ ಭಾಗ) ಬಿಚ್ಚಿದಾಗ ನಮಗೆ ಸಿಕ್ಕಿದ್ದು ಕಡಲೆಕಾಯಿ ಸಿಪ್ಪೆ, ನಾಣ್ಯ, ಹೇರ್‌ಪಿನ್. ಪ್ರತಿ ಬೆಳಿಗ್ಗೆ ವ್ಯಾಕ್ಯೂಮ್. ಸೆರಗು, ದುಪಟ್ಟಾ ಬಾರಿನ ಕೆಳಗೆ ಮಡಚಿ ಸಿಕ್ಕಿದರೂ ದೀಪ ಬರುವುದಿಲ್ಲ. ಹತ್ತುವ ಮೊದಲೇ ಕಟ್ಟಿಸಿಬಿಡಬೇಕು. ವಾಂತಿಯಾದರೆ ಹದಿನೈದು ನಿಮಿಷ, ಅದಕ್ಕೆ ಇನ್ನೂ ಉಪಾಯ ಕಂಡಿಲ್ಲ.

ಚಕ್ರದಲ್ಲಿ ಉಳಿಸಲು ಹೋಗಿ ಕಳೆದುಕೊಂಡಿದ್ದುಂಟು. ಊರಲ್ಲೇ ಪಾಲಿಯುರೆಥೇನ್ ಎರಕ ಹಾಕಿಸಿದರೆ ಆಮದು ಚಕ್ರದ ಕಾಲುಭಾಗ ಬೆಲೆ. ಗಟ್ಟಿತನ ಸರಿಯಿತ್ತು, ಅಂಟು ಸರಿಯಿರಲಿಲ್ಲ. ಖಾಲಿ ಓಟದ ಪರೀಕ್ಷೆಯಲ್ಲೇ ಟೈರ್ ಹಬ್‌ನಿಂದ ಬಿಡತೊಡಗಿತು, ಎಲ್ಲ ಮೂಲೆಗೆ ಹೋಯಿತು. ಆದರೆ ಆಗ ಶುರುಮಾಡಿದ ಒಂದು ಆಟ ಉಪಯೋಗಕ್ಕೆ ಬಂತು. ಗಾಡಿ ಸ್ಟೇಷನ್ನಿಗೆ ಬಂದು ನಿಂತ ಕೂಡಲೇ ಐಆರ್ ಥರ್ಮಾಮೀಟರಿನಲ್ಲಿ ಪ್ರತಿ ಹಬ್ ನೋಡುವುದು. ಪಕ್ಕದ ಚಕ್ರಕ್ಕಿಂತ ಹದಿನೈದು ಡಿಗ್ರಿ ಹೆಚ್ಚಿದ್ದರೆ ಬೇರಿಂಗ್ ಹೋಗುತ್ತಿದೆ. ಸದ್ದು ಬರುವುದಕ್ಕೆ ಒಂದು ವಾರ ಮುಂಚೆಯೇ ಗೊತ್ತಾಗುತ್ತದೆ. ಮೊಬೈಲ್ ಆ್ಯಪಿನಲ್ಲಿ ಕಂಪನ ಅಳೆಯಲು ಹೋದದ್ದು ಮಾತ್ರ ವ್ಯರ್ಥ, ಟ್ರ್ಯಾಕಿನ ನಡುಕವೇ ಎಲ್ಲವನ್ನೂ ಮುಳುಗಿಸುತ್ತದೆ.

ಗಾಳಿ, ಸಿಡಿಲಿಗೆ ಮುಚ್ಚುವುದನ್ನು ಯಾರೂ ಕಡಿಮೆ ಮಾಡಲು ಹೋಗಬಾರದು. ಮಳೆಗಾಲದ ಆಕ್ಸಲ್ ಬಿಚ್ಚುವಿಕೆ, ವೆಲ್ಡಿಂಗಿನ ಬಿರುಕು ಹುಡುಕುವ ಮ್ಯಾಗ್ನೆಟಿಕ್ ಪಾರ್ಟಿಕಲ್ ಪರೀಕ್ಷೆಯನ್ನು ಜನ ಕಡಿಮೆಯಿದ್ದಾಗಲೇ ಮುಗಿಸಬೇಕು. ಆ ದಿನಗಳನ್ನು ಕಡಿತ ಮಾಡಲು ಬಂದವರಿಗೆ 2019ರ ಜುಲೈನಲ್ಲಿ ಅಹಮದಾಬಾದಿನ ಕಾಂಕರಿಯಾದಲ್ಲಿ ಪೆಂಡುಲಮ್ ರೈಡ್ ಮುರಿದುಬಿದ್ದು ಇಬ್ಬರು ಸತ್ತದ್ದನ್ನು ನೆನಪಿಸಿ.

ಈಗ ಉಳಿದಿರುವ ತಲೆನೋವು ಒಂದೇ. ಮೊದಲ ಜೋರು ಮಳೆ ಬಿದ್ದ ಅರ್ಧ ಗಂಟೆಯಲ್ಲಿ ನಡುವಿನ ಬ್ರೇಕಿನ ಎಡ ಸೆನ್ಸರ್ ಒಮ್ಮೆ ಆರುತ್ತದೆ, ಒಣಗಿದ ಮೇಲೆ ಸರಿ. ಸೆನ್ಸರ್ ಬದಲಿಸಿಯಾಯಿತು, ಕನೆಕ್ಟರ್ ಬದಲಿಸಿಯಾಯಿತು. ಅನುಮಾನ ಕಂಬದೊಳಗಿನ ಹಳೆಯ ಜಂಕ್ಷನ್ ಬಾಕ್ಸಿನ ಮೇಲೆ. ಅದನ್ನು ತೆಗೆಯಲು ಸ್ಕ್ಯಾಫೋಲ್ಡಿಂಗ್ ಬೇಕು. ಜೂನಿನ ಶಟ್‌ಡೌನ್ ಪಟ್ಟಿಯಲ್ಲಿ ಬರೆದಿಟ್ಟಿದ್ದೇನೆ.