ಕೋಡ್ ಪುಕ್ಕಟೆ, ಕಲ್ಯಾಣಿಗೆ 149 ರೂಪಾಯಿ

"ಬೇಲಿಯಿಲ್ಲದ ಹೊಲದಲ್ಲಿ ಬೆಳೆದದ್ದು ನಿನ್ನ ಕಣಜಕ್ಕೆ ಬರುತ್ತದೆಯೇ?" ಎಂದು ಗಾಂಧಿ ಬಜಾರಿನಲ್ಲಿ ಕಾಫಿ ಕುಡಿಯುತ್ತಾ ಕೇಳಿದ ಗೆಳೆಯರೆಲ್ಲ ಈಗ ನನ್ನ ಲೆಕ್ಕದ ಪುಸ್ತಕ ನೋಡಿದ್ದಾರೆ. ರೋಲ್‌ಪ್ಲೇ ಆಟಕ್ಕೆಂದು, ಅಂದರೆ ಆಡುವವರೇ ಪಾತ್ರಗಳಾಗಿ ಕಥೆ ನಡೆಸುವ ಆಟಕ್ಕೆಂದು, ನಾನು ಬರೆದ ತಂತ್ರಾಂಶ ಇಂದಿಗೂ ಜಿಪಿಎಲ್ ಪರವಾನಗಿಯ ಮೂರನೇ ಆವೃತ್ತಿಯಲ್ಲಿಯೇ ಇದೆ; ಕೋಡನ್ನು ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದು ಎನ್ನುವ ಪರವಾನಗಿ ಅದು. ಒಂದು ಸಾಲನ್ನೂ ಮುಚ್ಚಿಟ್ಟಿಲ್ಲ. ಆದರೂ ಎರಡು ವರ್ಷಗಳಿಂದ ಸರ್ವರ್ ಬಾಡಿಗೆಯೂ ಚಿತ್ರಕಾರರ ಸಂಭಾವನೆಯೂ ಅದರಿಂದಲೇ ಹುಟ್ಟುತ್ತಿವೆ.

ಮೊದಲು ದೇಣಿಗೆ ಕೇಳಿದ್ದೆ. ಎಂಟು ತಿಂಗಳಿಗೆ ನಾಲ್ಕು ಸಾವಿರದ ಆಸುಪಾಸು ಬಂತು. ಆಮೇಲೆ ಬೀಗದ ದಾರಿ ಹಿಡಿದೆ: ಹಣ ಕೊಟ್ಟವರಿಗೆ ಮಾತ್ರ ಆಟದ ನಕ್ಷೆಯಲ್ಲಿ ಇನ್ನೂ ನೋಡದ ಜಾಗವನ್ನು ಮುಚ್ಚಿರುವ ಮಂಜು ಸರಿಯುವಂತೆ ಕೀಲಿ ಪರಿಶೀಲನೆ. ಅದಕ್ಕಾಗಿ ಒಬ್ಬ ಹುಡುಗನನ್ನು ಮೂರು ತಿಂಗಳು ಇಟ್ಟುಕೊಂಡು ಸುಮಾರು ಅರವತ್ತು ಸಾವಿರ ಕಳೆದೆ. ಬಿಡುಗಡೆಯಾದ ನಾಲ್ಕನೇ ದಿನ ಯಾರೋ ಆ ಪರಿಶೀಲನೆಯ ಹದಿನೇಳು ಸಾಲು ಕೋಡ್ ಅಳಿಸಿ ತಮ್ಮ ಪ್ರತಿಯನ್ನು ಎಲ್ಲರಿಗೂ ಹಂಚಿದರು. ಸಿಟ್ಟು ನೆತ್ತಿಗೇರಿತು. ಪರವಾನಗಿ ತೆಗೆದು ಓದಿದರೆ ನ್ಯಾಯ ಅವರ ಕಡೆಗೇ ಇತ್ತು. ಬೀಗ ಮುರಿದವರ ಮೇಲೆ ಕಾನೂನಿನ ಮೊರೆಹೋಗುವ ಹಕ್ಕನ್ನು ಜಿಪಿಎಲ್‌ನ ಮೂರನೇ ಕಲಮಿನಲ್ಲಿ ನಾವೇ ಬಿಟ್ಟುಕೊಟ್ಟಿರುತ್ತೇವೆ. ಪರವಾನಗಿಯನ್ನೇ ಬದಲಿಸೋಣವೆಂದರೆ ಹನ್ನೊಂದು ಮಂದಿಯ ಕೋಡ್ ಅದರೊಳಗೆ ಸೇರಿತ್ತು. ಇಬ್ಬರು ಒಪ್ಪಲಿಲ್ಲ, ಒಬ್ಬರು ಉತ್ತರವನ್ನೇ ಕೊಡಲಿಲ್ಲ. ಒಪ್ಪದೆ ಇದ್ದದ್ದೇ ಒಳ್ಳೆಯದಾಯಿತು.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಹೆಸರಾಂತ ರೋಲ್‌ಪ್ಲೇ ಆಟದ ನಿಯಮಗಳನ್ನು ಬೇರೆಯವರೂ ಬಳಸಲು ಬಿಡುತ್ತಿದ್ದ ಓಜಿಎಲ್ ಪರವಾನಗಿಯನ್ನು ಬದಲಿಸಹೊರಟದ್ದಕ್ಕೆ 2023ರ ಜನವರಿಯಲ್ಲಿ ಗಲಾಟೆ ಎದ್ದು, ಕೊನೆಗೆ ಅದರ ಮೂಲ ನಿಯಮಗಳ ಕಡತವಾದ ಎಸ್‌ಆರ್‌ಡಿ 5.1, ಮೂಲದ ಹೆಸರು ಹೇಳಿ ಯಾರೂ ಬಳಸಬಹುದಾದ ಕ್ರಿಯೇಟಿವ್ ಕಾಮನ್ಸ್ (ಸಿಸಿ) ಬಿವೈ 4.0 ಪರವಾನಗಿಯ ಅಡಿಯಲ್ಲಿ ಹೊರಬಿತ್ತಲ್ಲ, ಆಗ ನನಗೆ ದಾರಿ ಕಂಡಿತು. ಎಲ್ಲವನ್ನೂ ಮೂರು ರಾಶಿ ಮಾಡಿದೆ. ಕೋಡ್ ಜಿಪಿಎಲ್. ನಿಯಮಗಳ ಕನ್ನಡ ಅನುವಾದ ಅದೇ ಸಿಸಿ ಬಿವೈಯಲ್ಲಿ, ಮೂಲದ ಹೆಸರು ಹೇಳಿ, ಪುಕ್ಕಟೆ. ಮೂರನೆಯದು ಸಂಪೂರ್ಣ ನಮ್ಮದು: ಕಥೆ, ನಕ್ಷೆ, ಕೊಳ್ಳಿದೆವ್ವ, ಬ್ರಹ್ಮರಾಕ್ಷಸ. ಇದಕ್ಕೆ 149 ರೂಪಾಯಿ. ಈ ಕಟ್ಟಿನಲ್ಲಿ ಚಿತ್ರಗಳು ಮತ್ತು ಬರೀ ಮಾಹಿತಿ ತುಂಬಿದ ಜೇಸನ್ ಕಡತಗಳಲ್ಲದೆ ಬೇರೇನೂ ಇಲ್ಲ. ಒಂದು ಸಾಲು ಸ್ಕ್ರಿಪ್ಟ್, ಅಂದರೆ ಕೆಲಸ ಮಾಡುವ ಕೋಡ್, ಸೇರಿಸಿದರೂ ಜಿಪಿಎಲ್‌ನ ತಕರಾರು ಏಳಬಹುದು. ಆ ಗೆರೆಯನ್ನು ನಾನು ಎಂದೂ ದಾಟಿಲ್ಲ.

ಬೀಗವೂ ಇಲ್ಲ. ಕೊಂಡವರ ಹೆಸರು ಮಾತ್ರ ನಕ್ಷೆಯ ಅಂಚಿನಲ್ಲಿ ದೇವಸ್ಥಾನದ ಶಾಸನದ ಸಾಲಿನಂತೆ ಮೂಡುತ್ತದೆ. ಅದು ಕಣ್ಣಿಗೆ ಕಾಣುವ ಗುರುತು. ಕಾಣದ ಗುರುತು ಎಲ್ಲಿದೆ, ಹೇಗೆ ಕೂರಿಸುತ್ತೇನೆ ಎಂಬುದು ನನ್ನಲ್ಲಿಯೇ ಇರಲಿ. ಹೆಸರು ಹಾಕುವಾಗ ಒತ್ತಕ್ಷರಗಳು ಚೆದುರಿ ಎರಡು ವಾರ ಕಾಡಿದವು. ನೋಟೋ ಸಾನ್ಸ್ ಕನ್ನಡ ಫಾಂಟ್ ಹಾಕಿ, ಅಕ್ಷರ ಜೋಡಿಸುವ ಕೆಲಸವನ್ನು ಹಾರ್ಫ್‌ಬಜ್ ಎಂಬ ತಂತ್ರಾಂಶಕ್ಕೆ ವಹಿಸಿದ ಮೇಲೆ ಸರಿಹೋಯಿತು.

ಹೆಚ್ಚು ಪೆಟ್ಟು ತಿಂದದ್ದು ಕರಾರಿನಲ್ಲಿ. ಮೊದಲ ಕಟ್ಟಿನ ಹನ್ನೆರಡು ನಕ್ಷೆಗಳಿಗೆ ತಲಾ ಎರಡೂವರೆ ಸಾವಿರ ಕೊಟ್ಟು ಅರ್ಧ ಪುಟದ ಕಾಗದಕ್ಕೆ ಸಹಿ ಮಾಡಿಸಿಕೊಂಡಿದ್ದೆ. ಅವಧಿ ಬರೆದಿರಲಿಲ್ಲ, ಪ್ರದೇಶವನ್ನೂ ಬರೆದಿರಲಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ, ಹಾಗೆ ಬರೆಯದಿದ್ದರೆ ಹಕ್ಕು ಐದು ವರ್ಷಕ್ಕೆ, ಅದೂ ಭಾರತದೊಳಗೆ ಮಾತ್ರ. ಹೊರದೇಶದ ಕನ್ನಡಿಗರು ಕೇಳತೊಡಗಿದಾಗ ಇದು ತಿಳಿಯಿತು. ಹೊಸ ಕರಾರಿಗೆ ಇನ್ನೂ ಒಂಬತ್ತು ಸಾವಿರ ಹೋಯಿತು. ನೀವು ಯಾರಿಂದಲೇ ಬರೆಸಿ, ಈ ಎರಡು ಸಾಲು ಇಲ್ಲದ ಕಾಗದಕ್ಕೆ ಹಣ ಕೊಡಬೇಡಿ.

ನಡುವೆ ಕವಡೆಯ ಹುಚ್ಚೂ ಹತ್ತಿತ್ತು. ಇಪ್ಪತ್ತು ಮುಖದ ದಾಳದ ಬದಲು ಚೌಕಾಬಾರದ ನಾಲ್ಕು ಕವಡೆ ಹಾಕಿದರೆ ಹೇಗೆ ಎಂದು. ನಾಲ್ಕೂ ಅಂಗಾತ ಬಿದ್ದರೆ ನಾಲ್ಕು, ನಾಲ್ಕೂ ಬೋರಲಾದರೆ ಎಂಟು. ಲೆಕ್ಕದಲ್ಲಿ ಎರಡೂ ಹದಿನಾರಕ್ಕೊಂದು ಬೀಳಬೇಕು. ಅಜ್ಜಿಯ ಕವಡೆಗಳನ್ನು ಆರುನೂರು ಸಲ ಎಸೆದು ನೋಡಿದೆ. ಎಂಟು ಬಿದ್ದದ್ದು ಮೂವತ್ತಕ್ಕೊಂದು, ನಾಲ್ಕು ಒಂಬತ್ತಕ್ಕೊಂದು. ತಂತ್ರಾಂಶದಲ್ಲಿ ಆ ಕವಡೆಗಳ ವಾಲಿಕೆಯನ್ನೇ ಇಟ್ಟೆ. ಎಂಟು ಬಿದ್ದಾಗ ಆಟಗಾರರು ಕೂಗುವುದನ್ನು ಕೇಳಬೇಕು!

ಜನ ಮೆಚ್ಚಿದ್ದು ಕಲ್ಯಾಣಿಯ, ಅಂದರೆ ಮೆಟ್ಟಿಲುಗಳುಳ್ಳ ಕೊಳದ, ನಕ್ಷೆಯನ್ನು. ಬರೆದವಳು ಕಲಾಶಾಲೆ ಮುಗಿಸಿ ಒಂದು ವರ್ಷವಾಗಿದ್ದ ಹುಡುಗಿ. "ನಕ್ಷೆಯ ಒಂದು ಚೌಕಕ್ಕೆ ಐದು ಅಡಿ ಎಂದರೆ ಮೆಟ್ಟಿಲು ಎಲ್ಲಿ ಕೂರುತ್ತದೆ ಸರ್?" ಎಂದಳು. "ಒಂದು ಚೌಕದಲ್ಲಿ ಐದು ಮೆಟ್ಟಿಲು ಬರೆಯಮ್ಮ" ಎಂದೆ. ಅವಳು ಪ್ರತಿ ಐದನೇ ಮೆಟ್ಟಿಲಿಗೆ ಪಾಚಿಯ ಹಸಿರು ಹಚ್ಚಿದಳು. ಗೆರೆಯೇ ಎಳೆಯದೆ ಚೌಕ ಕಣ್ಣಿಗೆ ಬಿತ್ತು.

ಆ ಕಟ್ಟು ಇದುವರೆಗೆ ಒಂಬೈನೂರರ ಹತ್ತಿರ ಹೋಗಿದೆ. ಪಾವತಿ ಸಂಸ್ಥೆ ನೂರಕ್ಕೆ ಎರಡು ರೂಪಾಯಿ ಹಿಡಿದು, ಆ ಎರಡರ ಮೇಲೆ ಶೇಕಡಾ 18 ಜಿಎಸ್‌ಟಿ ಹಾಕಿದ ಮೇಲೆ ಪ್ರತಿಗೆ 145 ರೂಪಾಯಿ ಕೈಗೆ ಬರುತ್ತದೆ. ಹೊಸ ಕರಾರಿನಂತೆ ಅದರಲ್ಲಿ ಇಪ್ಪತ್ತು ಅವಳದ್ದು. ಕಳೆದ ತಿಂಗಳು ಎರಡು ಸಾವಿರದ ಚಿಲ್ಲರೆ ಕಳುಹಿಸಿದೆ. ಮುಂದಿನ ನಕ್ಷೆಗೆ ಕೋಟೆಯ ಕಂದಕ ಬರೆಯಲು ಶುರು ಮಾಡಿದ್ದಾಳೆ.