‘ಬಿಡುವಿದ್ದಾಗ ಬಂದು ಹೋಗ್ರಿ’: ಹೇಳದೆ ನಡೆಯುವ ಸಂದರ್ಶನಗಳನ್ನು ಎದುರಿಸುವ ಬಗೆ

ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತುವಿನಲ್ಲಾಗಲಿ, ತಾರಿಹಾಳದ ಸಣ್ಣ ಕಾರ್ಖಾನೆಗಳಲ್ಲಾಗಲಿ, ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಅಡತಿ (ದಲಾಲಿ) ಅಂಗಡಿಗಳಲ್ಲಾಗಲಿ, ಕೆಲಸಕ್ಕೆ ಜನರನ್ನು ಆರಿಸುವ ಮಾತುಕತೆಗೆ ಹೆಚ್ಚಾಗಿ ಸಂದರ್ಶನವೆಂಬ ಹೆಸರೇ ಇರುವುದಿಲ್ಲ. ‘ಬಿಡುವಿದ್ದಾಗ ಒಮ್ಮೆ ಬಂದು ಹೋಗ್ರಿ’ ಎಂದು ಮಾಲಕರು ಯಾರದೋ ಕೈಯಲ್ಲಿ ಹೇಳಿ ಕಳಿಸುತ್ತಾರೆ. ಹೋದವರಿಗೆ ಚಹಾ ಬರುತ್ತದೆ, ಊರು ಕೇರಿಯ ವಿಚಾರ ಬರುತ್ತದೆ, ಮಳೆಯ ವಿಚಾರವೂ ಬರುತ್ತದೆ, ಅಷ್ಟರಲ್ಲಿ ಅವರ ತೀರ್ಮಾನ ಮುಗಿದಿರುತ್ತದೆ. ಧಾರವಾಡದ ಟಾಟಾ ಮೋಟಾರ್ಸ್‌ನಂಥ ದೊಡ್ಡ ಕಂಪನಿಗಳಲ್ಲಿ ಅರ್ಜಿಗೂ ಪರೀಕ್ಷೆಗೂ ಕ್ರಮವೊಂದಿರುವುದರಿಂದ ಅವುಗಳ ಮಾತು ಇಲ್ಲಿ ಬೇಡ. ಕ್ರಮವಿಲ್ಲದ ಕಡೆ ಅಭ್ಯರ್ಥಿಯೇ ತನ್ನ ಕ್ರಮವನ್ನು ಒಯ್ಯಬೇಕಾಗುತ್ತದೆ. ತನಗೆ ಕೆಲಸ ಬರುತ್ತದೆ ಎಂದು ತೋರಿಸಿಕೊಡುವುದು ಅದರ ಅರ್ಧ ಭಾಗ ಮಾತ್ರ. ಕೆಲಸವೇನು, ಪಗಾರವೆಷ್ಟು, ಯಾವ ದಿನದಿಂದ ಎಂಬ ಮೂರನ್ನು ಎದ್ದು ಬರುವ ಮೊದಲು ನಿಕ್ಕಿ ಮಾಡಿಕೊಳ್ಳುವುದು ಉಳಿದ ಅರ್ಧ, ಮತ್ತು ನಮ್ಮ ಕಡೆಯ ಹುಡುಗರು ಸಂಕೋಚದಿಂದ ಬಿಟ್ಟು ಬರುವುದು ಇದನ್ನೇ.

ಎಂಟು ಹತ್ತು ಜನ ದುಡಿಯುವ ಘಟಕದ ಮಾಲಕರಿಗೆ ಇರುವ ದೊಡ್ಡ ಚಿಂತೆಯೆಂದರೆ, ಮಷೀನಿನ ಮೇಲೆ ಕೈ ಕೂರಿಸಿದ ಹುಡುಗ ಮೂರನೆಯ ತಿಂಗಳು ಪುಣೆಗೋ ಬೆಂಗಳೂರಿಗೋ ಹೊರಟುಬಿಡುತ್ತಾನೆ ಎಂಬುದು. ‘ಯಾವೂರಾತಪಾ ನಿಮ್ಮದು? ಮನ್ಯಾಗ ಯಾರ್ಯಾರದೀರಿ?’ ಎಂಬ ಪ್ರಶ್ನೆಗಳನ್ನು ಬರಿಯ ಕುಶಲೋಪರಿಯೆಂದು ತಿಳಿಯಬಾರದು. ಕೇಳುವವರು ಲೆಕ್ಕ ಹಾಕುತ್ತಿರುವುದು ನೀವು ನಿಲ್ಲುವಿರೋ ಇಲ್ಲವೋ ಎಂಬುದನ್ನು. ಕುಂದಗೋಳದಿಂದಲೋ ಅಣ್ಣಿಗೇರಿಯಿಂದಲೋ ದಿನವೂ ಬಂದು ಹೋಗುವವರು ಯಾವ ಬಸ್ಸಿಗೆ ಅಥವಾ ರೈಲಿಗೆ ಹತ್ತುತ್ತೇವೆ, ಎಷ್ಟು ಗಂಟೆಗೆ ಗೇಟಿನ ಬಳಿ ಇರುತ್ತೇವೆ, ಎರಡನೆಯ ಪಾಳಿ ಬಿದ್ದರೆ ರಾತ್ರಿ ಎಲ್ಲಿ ಉಳಿಯುತ್ತೇವೆ ಎಂಬುದನ್ನು ಅವರು ಕೇಳುವ ಮೊದಲೇ ಹೇಳಿದರೆ, ಆ ಚಿಂತೆ ಅರ್ಧಕ್ಕಿಳಿಯುತ್ತದೆ. ‘ನಾನು ಬಹಳ ಶ್ರಮಜೀವಿ’ ಎಂಬ ಮಾತಿಗೆ ಅಲ್ಲಿ ಬೆಲೆಯಿಲ್ಲ.

ಸಿದ್ಧತೆ ದೊಡ್ಡದೇನೂ ಅಲ್ಲ. ಒಂದು ಪುಟ ಮೀರದ ಸ್ವವಿವರದ ಎರಡು ಪ್ರತಿ, ಅಂಕಪಟ್ಟಿ ಹಾಗೂ ಆಧಾರಿನ ಝೆರಾಕ್ಸ್, ಒಂದು ಪೆನ್ನು ಚೀಲದಲ್ಲಿರಲಿ. ಅವುಗಳ ಪಿಡಿಎಫ್ ಮೊಬೈಲಿನಲ್ಲಿರಲಿ. ಏನು ಕಲಿತಿದ್ದೇವೆ, ಎಲ್ಲಿ ಏನು ಮಾಡಿದ್ದೇವೆ, ಯಾವ ಕೆಲಸವನ್ನು ಯಾರ ಸಹಾಯವೂ ಇಲ್ಲದೆ ಮಾಡಬಲ್ಲೆವು ಎಂಬುದನ್ನು ನಾಲ್ಕು ವಾಕ್ಯಗಳಲ್ಲಿ ಬಾಯಿಗೆ ಬರುವಂತೆ ಮಾಡಿಕೊಳ್ಳಬೇಕು. ಅವರು ಯಾವ ಭಾಷೆಯಲ್ಲಿ ಮಾತು ತೆಗೆಯುತ್ತಾರೋ ಅದರಲ್ಲೇ ಉತ್ತರಿಸುವುದು ಲೇಸು. ಹುಬ್ಬಳ್ಳಿಯ ವ್ಯಾಪಾರದಲ್ಲಿ ಕನ್ನಡದ ಜೊತೆಗೆ ಹಿಂದಿ, ಮರಾಠಿಗಳೂ ನಡೆಯುತ್ತವೆ. ಮಾಲಕರು ಕನ್ನಡದಲ್ಲಿ ಕೇಳಿದಾಗ ಕಂಠಪಾಠ ಮಾಡಿದ ಇಂಗ್ಲಿಷಿನಲ್ಲಿ ಉತ್ತರಿಸುವವರು ಅವರಿಂದ ಒಂದು ಹೆಜ್ಜೆ ದೂರವೇ ನಿಂತಂತೆ ಆಗುತ್ತದೆ. ಹೋಗುವ ಹೊತ್ತನ್ನೂ ನೋಡಿಕೊಳ್ಳಬೇಕು. ಬ್ಯಾಡಗಿಯಲ್ಲಿ ಪೇಟೆ ನಡೆಯುವ ಸೋಮವಾರ ಅಥವಾ ಗುರುವಾರ ಅಡತಿ ಅಂಗಡಿಗೆ ಕೆಲಸ ಕೇಳಿಕೊಂಡು ಹೋದರೆ ಚೀಲಗಳ ನಡುವೆ ನಿಲ್ಲುವುದಕ್ಕೂ ಜಾಗ ಸಿಗದು, ಇನ್ನು ಮಾತೆಲ್ಲಿಯದು.

ಅನಿರೀಕ್ಷಿತವಾಗಿ ಬರುವ ದೂರವಾಣಿ ಕರೆಯೂ ಸಂದರ್ಶನವೇ. ನೀವು ಚಿಗರಿ ಬಸ್ಸಿನಲ್ಲಿ ನಿಂತು ಧಾರವಾಡಕ್ಕೆ ಹೊರಟಿರುವಾಗ ಕರೆ ಬಂದರೆ, ಗದ್ದಲದಲ್ಲಿ ಹೂಂ ಹೂಂ ಎನ್ನುವ ಬದಲು ‘ಸರ್, ಬಸ್ಸಿನ್ಯಾಗ ಅದೇನ್ರಿ, ಸರಿಯಾಗಿ ಕೇಳವಲ್ದು. ಹದಿನೈದು ನಿಮಿಷ ಬಿಟ್ಟು ನಾನ ಫೋನ್ ಮಾಡ್ತೇನ್ರಿ’ ಎಂದು ಹೇಳಿ, ಮಾತನಾಡಿದವರ ಹೆಸರು ಮತ್ತು ಕಂಪನಿಯ ಹೆಸರನ್ನು ಕೇಳಿಕೊಂಡು, ಮುಂದಿನ ನಿಲ್ದಾಣದಲ್ಲಿ ಇಳಿದು ಮಾತನಾಡಬೇಕು. ಹೇಳಿದ ಸಮಯಕ್ಕೆ ಸರಿಯಾಗಿ ಕರೆ ಮಾಡುವುದೇ ಅವರಿಗೆ ನಿಮ್ಮ ಬಗ್ಗೆ ಸಿಗುವ ಮೊದಲ ಪುರಾವೆ. ಹಲವು ಕಡೆ ಅರ್ಜಿ ಹಾಕಿದವರು ಎಲ್ಲಿಗೆ, ಯಾವ ಹುದ್ದೆಗೆ, ಯಾವ ದಿನ ಹಾಕಿದೆವೆಂಬುದನ್ನು ಒಂದು ವಹಿಯಲ್ಲಿ ಬರೆದಿಟ್ಟುಕೊಂಡಿದ್ದರೆ ‘ಯಾವ ಕಂಪನೀರಿ?’ ಎಂದು ಎರಡು ಸಲ ಕೇಳುವ ಮುಜುಗರ ತಪ್ಪುತ್ತದೆ.

ಇನ್ನು ನಿಂತ ಕಾಲಲ್ಲಿ ನಡೆಯುವ ಪರೀಕ್ಷೆಗಳು. ಇವುಗಳಿಗೆ ಮುನ್ಸೂಚನೆ ಇರುವುದಿಲ್ಲವಾದರೂ ಇವುಗಳ ಸ್ವರೂಪವನ್ನು ಮೊದಲೇ ಊಹಿಸಬಹುದು. ಮಷೀನ್ ಶಾಪಿನಲ್ಲಿ ಮಾತಿನ ನಡುವೆ ಒಂದು ಬಿಡಿಭಾಗವನ್ನೂ ವರ್ನಿಯರ್ ಕ್ಯಾಲಿಪರನ್ನೂ ಕೈಗಿತ್ತು ‘ಇದನ್ನ ಒಂದೀಟು ಅಳತಿ ಮಾಡಪಾ’ ಎನ್ನುತ್ತಾರೆ. ಅವರು ನೋಡುವುದು ನೀವು ಹೇಳುವ ಅಂಕಿಯನ್ನು ಮಾತ್ರವಲ್ಲ. ಮೊದಲು ದವಡೆಗಳನ್ನೂ ಬಿಡಿಭಾಗವನ್ನೂ ಒರೆಸಿ, ದವಡೆ ಮುಚ್ಚಿದಾಗ ಸೊನ್ನೆಗೆ ಸೊನ್ನೆ ಕೂಡುತ್ತದೆಯೇ ಎಂದು ನೋಡಿ, ಕೂಡದಿದ್ದರೆ ಎಷ್ಟು ವ್ಯತ್ಯಾಸವಿದೆಯೆಂದು ಬಾಯಿಬಿಟ್ಟು ಹೇಳಿ, ಎರಡು ಕಡೆ ಅಳೆದು ಆಮೇಲೆ ಉತ್ತರ ಕೊಡುವವರು, ಥಟ್ಟನೆ ಅಂಕಿ ಹೇಳುವವರಿಗಿಂತ ಮುಂದಿರುತ್ತಾರೆ. ಸಾಮಾನ್ಯ ವರ್ನಿಯರಿನ ಲೀಸ್ಟ್ ಕೌಂಟ್ (ಅದು ಅಳೆಯಬಲ್ಲ ಅತಿ ಸಣ್ಣ ಅಳತೆ) 0.02 ಮಿ.ಮೀ.; ಮೈಕ್ರೋಮೀಟರಿನದು 0.01 ಮಿ.ಮೀ. ಡ್ರಾಯಿಂಗಿನಲ್ಲಿ ಕೊಟ್ಟಿರುವ ಟಾಲರೆನ್ಸ್ (ಅಳತೆಯಲ್ಲಿ ಒಪ್ಪುವ ವ್ಯತ್ಯಾಸ) ವರ್ನಿಯರಿನ ಲೀಸ್ಟ್ ಕೌಂಟಿಗಿಂತ ಬಿಗಿಯಾಗಿದ್ದರೆ ‘ಇದಕ್ಕ ವರ್ನಿಯರ್ ಸಾಲೂದಿಲ್ರಿ’ ಎಂದು ಹೇಳುವುದೇ ಸರಿಯಾದ ಉತ್ತರ. ಐಟಿಐಯಲ್ಲಿ ಇದನ್ನೆಲ್ಲ ಕಲಿಸಿಯೇ ಇರುತ್ತಾರೆ, ಆದರೆ ಹೊಸ ಜಾಗದಲ್ಲಿ ನಾಲ್ಕು ಜನ ನೋಡುತ್ತ ನಿಂತಾಗ ಕೈ ಅವಸರ ಮಾಡುತ್ತದೆ.

ಲೆಕ್ಕ ಬರೆಯುವ ಕೆಲಸಕ್ಕೆ ಹೋದವರ ಮುಂದೆ 1,180 ರೂಪಾಯಿಯ ಬಿಲ್ಲೊಂದನ್ನು ಸರಿಸಿ, ಶೇಕಡಾ 18ರಂತೆ ಇದರಲ್ಲಿ ಜಿಎಸ್‌ಟಿ ಎಷ್ಟು ಎಂದು ಕೇಳಬಹುದು. ತೆರಿಗೆ ಒಳಗೊಂಡ ಮೊತ್ತವನ್ನು 118ರಿಂದ ಭಾಗಿಸಿ 18ರಿಂದ ಗುಣಿಸಬೇಕು, ಉತ್ತರ 180 ರೂಪಾಯಿ. ಒಟ್ಟು ಮೊತ್ತದ ಮೇಲೆಯೇ ಶೇಕಡಾ 18 ತೆಗೆದು 212 ರೂಪಾಯಿ 40 ಪೈಸೆ ಎಂದವರು ಟ್ಯಾಲಿ ಎಷ್ಟೇ ಬಲ್ಲವರಾಗಿದ್ದರೂ ಅಲ್ಲಿಗೆ ನಿಲ್ಲುತ್ತಾರೆ. ಅಡತಿ ಅಂಗಡಿಯಲ್ಲಿ ಕ್ವಿಂಟಲ್ ದರದಿಂದ ಕಿಲೋಗಳ ಬೆಲೆ ಬಾಯಿಲೆಕ್ಕದಲ್ಲಿ ಬರಬೇಕು: ಕ್ವಿಂಟಲ್‌ಗೆ 18,500 ರೂಪಾಯಿ ದರವಿದ್ದರೆ 42 ಕಿಲೋಗೆ 185ನ್ನು 42ರಿಂದ ಗುಣಿಸಿ 7,770 ರೂಪಾಯಿ. ತಡವಾದರೂ ಸರಿ, ತಪ್ಪಬಾರದು. ಕಾಗದ ಕೇಳಿ ಬರೆದು ಹೇಳುವುದರಲ್ಲಿ ಅವಮಾನವೇನೂ ಇಲ್ಲ. ಧಾರವಾಡದ ಖಾಸಗಿ ಶಾಲೆ ಅಥವಾ ಕೋಚಿಂಗ್ ಕೇಂದ್ರಗಳಿಗೆ ಕೇಳಿಕೊಂಡು ಹೋಗುವ ಶಿಕ್ಷಕರು ಹಲಗೆ ಮತ್ತು ಸೀಮೆಸುಣ್ಣ ಬಿಟ್ಟು ಬೇರೇನೂ ಬೇಡದ ಹದಿನೈದು ನಿಮಿಷದ ಪಾಠವೊಂದನ್ನು ಸದಾ ಸಿದ್ಧವಾಗಿಟ್ಟುಕೊಂಡಿರಬೇಕು, ಏಕೆಂದರೆ ‘ಈಗ ಎಂಟನೇ ಕ್ಲಾಸ್ ಖಾಲಿ ಐತಿ, ಒಂದು ಪಾಠ ಮಾಡಿ ತೋರಸ್ರಿ’ ಎಂಬ ಮಾತು ಯಾವಾಗ ಬಂದೀತೆಂದು ಹೇಳಲಾಗದು.

ವಶೀಲಿಯ ಮೂಲಕ ಬರುವ ಅವಕಾಶವನ್ನು ಕೀಳಾಗಿ ಕಾಣಬೇಕಾಗಿಲ್ಲ. ಮದುವೆಯ ಊಟದ ಪಂಗತಿಯಲ್ಲಿ ಕಾಕಾ ಒಬ್ಬರು ‘ಇಂವ ನಮ್ಮ ಅಣ್ಣನ ಮಗಾ, ಡಿಪ್ಲೊಮಾ ಮಾಡ್ಯಾನ’ ಎಂದು ಯಾರೋ ಉದ್ಯಮಿಗೆ ಪರಿಚಯ ಮಾಡಿಕೊಟ್ಟರೆ, ಅಲ್ಲಿಯೇ ಕೆಲಸ ಕೇಳದೆ ‘ಯಾವಾಗ ಬಂದು ಭೇಟಿ ಆಗಲಿರಿ?’ ಎಂದಷ್ಟೇ ಕೇಳಿ, ದಿನ ಗೊತ್ತು ಮಾಡಿಕೊಂಡು, ಕಾಕಾನನ್ನು ಜೊತೆಗೆ ಕರೆದೊಯ್ಯದೆ ಒಬ್ಬರೇ ಹೋಗಬೇಕು. ಪಗಾರದ ಮಾತನ್ನು ಪರಿಚಯ ಮಾಡಿಕೊಟ್ಟವರ ಬಾಯಿಂದ ಆಡಿಸಿದರೆ ಎರಡು ಕಡೆಯ ದಾಕ್ಷಿಣ್ಯಕ್ಕೆ ಸಿಕ್ಕಿ ನಿಮ್ಮ ಪಗಾರವೇ ಕಡಿಮೆಯಾಗುತ್ತದೆ.

ಜಾತಿ, ಮನೆತನ, ಮದುವೆಗಳ ಪ್ರಶ್ನೆ ಬರುತ್ತದೆ; ಬರಬಾರದು, ಆದರೆ ಬರುತ್ತದೆ. ಜಗಳಕ್ಕೆ ಇಳಿಯದೆ, ಕೇಳಿದ್ದಕ್ಕೆಲ್ಲ ಒಪ್ಪಿಸಿಯೂ ಬಿಡದೆ, ಊರಿನ ಹೆಸರು ಹೇಳಿ, ಎಲ್ಲಿ ಯಾರ ಕೈಯಲ್ಲಿ ಕೆಲಸ ಕಲಿತಿರೆಂಬ ಕಡೆಗೆ ಮಾತನ್ನು ತಿರುಗಿಸುವುದು ಸಾಧ್ಯ. ‘ಮದುವಿ ಯಾವಾಗವಾ?’ ಎಂದು ಹೆಣ್ಣುಮಕ್ಕಳನ್ನು ಕೇಳುವುದರ ಹಿಂದೆ ಬಿಟ್ಟು ಹೋಗುವಳೆಂಬ ಅದೇ ಅಂಜಿಕೆಯಿರುವುದರಿಂದ ‘ಕೆಲಸ ಮುಂದುವರಸೂದು ನಕ್ಕೀರಿ’ ಎಂಬ ಉತ್ತರ ಸಾಕು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನರಿರುವಲ್ಲಿ 26 ವಾರಗಳ ಹೆರಿಗೆ ರಜೆಗೆ ಕಾನೂನಿನ ಆಧಾರವಿದೆಯೆಂಬುದು ಗೊತ್ತಿರಲಿ, ಅದನ್ನು ಮೊದಲ ಭೇಟಿಯಲ್ಲೇ ಎತ್ತಬೇಕಾಗಿಲ್ಲ. ಭೇಟಿಗೆ ಲಾಡ್ಜಿನ ಕೋಣೆಗೋ ಸಂಜೆಯ ಮೇಲೆ ಯಾರದೋ ಮನೆಗೋ ಕರೆದರೆ ‘ಆಫೀಸಿನ ವ್ಯಾಳ್ಯಾದಾಗ ಆಫೀಸಿಗೇ ಬರ್ತೇನ್ರಿ’ ಎಂದು ಸ್ಪಷ್ಟವಾಗಿ ಹೇಳಬೇಕು. ಅದಕ್ಕೆ ಮುನಿಯುವವರಲ್ಲಿ ಕೆಲಸ ಬೇಡ.

‘ಪಗಾರ ಎಷ್ಟ ಬೇಕು?’ ಎಂದಾಗ ‘ನೀವು ಕೊಟ್ಟಷ್ಟ ಕೊಡ್ರಿ’ ಎನ್ನುವುದು ವಿನಯವಲ್ಲ, ಮುಂದಿನ ಕಹಿಗೆ ಬೀಜ. ಅಂಥದೇ ಕೆಲಸಕ್ಕೆ ಅಕ್ಕಪಕ್ಕದಲ್ಲಿ ಎಷ್ಟು ಕೊಡುತ್ತಾರೆಂದು ಗೆಳೆಯರಲ್ಲಿ ವಿಚಾರಿಸಿಕೊಂಡು ಹೋಗಿ ಒಂದು ಅಂಕಿಯನ್ನು ಹೇಳಬೇಕು, ಮತ್ತು ಅವರು ಹೇಳುವ ಅಂಕಿ ಕೈಗೆ ಬರುವುದೋ ಕಡಿತಕ್ಕೆ ಮುಂಚಿನದೋ ಎಂದು ಕೇಳಬೇಕು. ತಿಂಗಳಿಗೆ 20,000 ರೂಪಾಯಿ, ಅದರಲ್ಲಿ ಮೂಲ ವೇತನ 15,000 ಎಂದಿಟ್ಟುಕೊಂಡರೆ, ಭವಿಷ್ಯ ನಿಧಿಗೆ ಶೇಕಡಾ 12ರಂತೆ 1,800, ಇಎಸ್‌ಐಗೆ (ನೌಕರರ ರಾಜ್ಯ ವಿಮೆ) ಶೇಕಡಾ 0.75ರಂತೆ 150 ಕಳೆದು ಕೈಗೆ 18,050 ಬರುತ್ತದೆ. ಇದು ನಷ್ಟವಲ್ಲ, ಮಾಲಕರೂ ತಮ್ಮ ಪಾಲು ತುಂಬಬೇಕಾಗುತ್ತದೆ. ಅವರ ಪಾಲನ್ನೂ ಸೇರಿಸಿ ಸಿಟಿಸಿ (ನಿಮ್ಮ ಮೇಲೆ ಕಂಪನಿಗೆ ತಗಲುವ ಒಟ್ಟು ವೆಚ್ಚ) ಎಂದು ದೊಡ್ಡ ಅಂಕಿ ಹೇಳುವವರಿದ್ದಾರೆ, ಅದನ್ನು ಬಿಡಿಸಿ ಕೇಳಿ. ಇಪ್ಪತ್ತು ಜನರಿರುವಲ್ಲಿ ಭವಿಷ್ಯ ನಿಧಿಯೂ, ಹತ್ತು ಜನರಿರುವಲ್ಲಿ 21,000 ರೂಪಾಯಿವರೆಗಿನ ಪಗಾರದವರಿಗೆ ಇಎಸ್‌ಐಯೂ ಸಾಮಾನ್ಯವಾಗಿ ಅನ್ವಯಿಸುತ್ತವೆ. ಓವರ್‌ಟೈಮಿಗೆ ಏನು ಕೊಡುತ್ತಾರೆ, ವಾರದ ಸೂಟಿ ಯಾವ ದಿನ ಎಂಬುದೂ ಇದೇ ಉಸಿರಿನಲ್ಲಿ ಮುಗಿಯಲಿ.

ಮೂಲ ಅಂಕಪಟ್ಟಿಯನ್ನು ತೋರಿಸಬಹುದು, ಬಿಟ್ಟು ಬರಬಾರದು. ‘ಎರಡು ವರ್ಷ ಬಿಟ್ಟು ಹೋಗೂದಿಲ್ಲ’ ಎಂಬುದಕ್ಕೆ ಭದ್ರತೆಯಾಗಿ ಸಹಿ ಮಾಡಿದ ಖಾಲಿ ಚೆಕ್ ಕೇಳಿದರೆ ಖಂಡಿತ ಕೊಡಬಾರದು. ಅದನ್ನು ತುಂಬಿ ಬ್ಯಾಂಕಿಗೆ ಹಾಕಿ, ಹಣವಿಲ್ಲದೆ ಮರಳಿದರೆ, ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ ಕ್ರಿಮಿನಲ್ ಮೊಕದ್ದಮೆಯನ್ನು ಎದುರಿಸಬೇಕಾದೀತು. ತರಬೇತಿಗೆ, ಸಮವಸ್ತ್ರಕ್ಕೆ, ನೋಂದಣಿಗೆ ಎಂದು ಕೆಲಸ ಕೊಡುವ ಮೊದಲೇ ಹಣ ಕೇಳುವವರಿಂದ ಎದ್ದು ಬರಬೇಕು. ವಾಟ್ಸಾಪ್ ಮೂಲಕ ಸಂದರ್ಶನ ಮುಗಿಸಿ ಹಣ ಹಾಕಿಸಿಕೊಂಡವರ ಮೇಲೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಡಬಹುದು. ಎಷ್ಟು ಬೇಗ ಮಾಡಿದರೆ ಅಷ್ಟು ಒಳ್ಳೆಯದು.

ಮಾತಿನ ಕೊನೆಗೆ ಬಹಳ ಕಡೆ ಬರುವುದು ‘ನಾಕ ದಿನ ಬಂದು ನೋಡ್ರಿ, ಆಮ್ಯಾಲ ಹೇಳೋಣು’ ಎಂಬ ಮಾತು. ಒಪ್ಪಬಹುದು, ಆದರೆ ಆ ನಾಲ್ಕು ದಿನಕ್ಕೆ ದಿನಗೂಲಿ ಎಷ್ಟು, ಐದನೆಯ ದಿನ ಯಾರು ಹೇಳುತ್ತಾರೆ ಎಂದು ಅಲ್ಲಿಯೇ ಕೇಳಬೇಕು. ಹೀಗೆ ಪುಕ್ಕಟೆ ನಾಲ್ಕು ದಿನಗಳಲ್ಲೇ ತಮ್ಮ ಗಡಿಬಿಡಿಯ ಆರ್ಡರ್ ಮುಗಿಸಿಕೊಳ್ಳುವ ಜಾಣರೂ ಇರುತ್ತಾರೆ. ಮನೆಗೆ ಬಂದ ದಿನವೇ ವಾಟ್ಸಾಪಿನಲ್ಲಿ ಒಂದು ಸಂದೇಶ ಕಳಿಸಿ: ‘ಸರ್, ಇಂದು ಭೇಟಿಗೆ ಸಮಯ ಕೊಟ್ಟದ್ದಕ್ಕೆ ಧನ್ಯವಾದಗಳು. ಮಾತಾದಂತೆ ಸೋಮವಾರ ಬೆಳಿಗ್ಗೆ 9 ಗಂಟೆಗೆ ಸಿಎನ್‌ಸಿ ಆಪರೇಟರ್ ಕೆಲಸಕ್ಕೆ ಬರುತ್ತೇನೆ, ಪಗಾರ ತಿಂಗಳಿಗೆ 18,000 ರೂಪಾಯಿ. ಏನಾದರೂ ಬದಲಾವಣೆ ಇದ್ದರೆ ತಿಳಿಸಿರಿ.’ ನೇಮಕಾತಿ ಪತ್ರ ಕೈಗೆ ಬರುವವರೆಗೆ ನಿಮ್ಮ ಬಳಿ ಬರವಣಿಗೆಯಲ್ಲಿ ಇರುವುದು ಅದೊಂದೇ. ‘ಹೇಳಿ ಕಳಸ್ತೇವಿ’ ಎಂದವರಿಂದ ವಾರವಾದರೂ ಸುದ್ದಿ ಬಾರದಿದ್ದರೆ ಒಂದು ಸಲ ಕರೆ ಮಾಡಿ, ಆಮೇಲೆ ಅದನ್ನು ಬಿಟ್ಟು ವಹಿಯಲ್ಲಿರುವ ಮುಂದಿನ ಹೆಸರಿಗೆ ಹೋಗಿ. ಪರಿಚಯ ಮಾಡಿಕೊಟ್ಟವರಿಗೆ ಮಾತ್ರ, ಕೆಲಸ ಆದರೂ ಆಗದಿದ್ದರೂ, ಏನಾಯಿತೆಂದು ನೀವೇ ತಿಳಿಸಬೇಕು.